ತುಡಿತ ಬರುವ ಹೊತ್ತಿಗೇ ಅಭ್ಯಾಸ: ದಾವಣಗೆರೆಯಲ್ಲಿ ನನ್ನ ಅನುಭವ

"ಕುಡಿಯಬೇಕೆಂದು ಮೈಯೆಲ್ಲ ತುಡಿಯುತ್ತಿರುವವನಿಗೆ ಉಸಿರು ನೋಡು ಎಂದರೆ ಕೇಳುತ್ತಾನೆಯೇ?" ಎಂದು ನಮ್ಮ ಕುಡಿತ ಬಿಡಿಸುವ ಕೇಂದ್ರದ ವೈದ್ಯರೇ ನಕ್ಕಿದ್ದರು. ಈಗ ಅವರೇ ರೋಗಿಗಳನ್ನು ನನ್ನ ಸಂಜೆಯ ಗುಂಪಿಗೆ ಕಳುಹಿಸುತ್ತಾರೆ. ದಾವಣಗೆರೆಯಲ್ಲಿ ಆಪ್ತಸಮಾಲೋಚಕನಾಗಿ ಹತ್ತು ವರ್ಷದ ಮೇಲಾಯಿತು. ಈ ವಿಧಾನ ಕೈಗೆ ಹತ್ತಿದ್ದು ಈಚೆಗೆ.

ಮೊದಲು ಎಲ್ಲರಂತೆ ಬೆಳಿಗ್ಗೆ ಆರಕ್ಕೆ ಧ್ಯಾನ. ಬೆಂಗಳೂರಿನಿಂದ ತರಬೇತುದಾರರು, ಚಾಪೆ, ಸ್ಪೀಕರ್, ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಖರ್ಚು. ಅರ್ಧ ಮಂದಿ ತೂಕಡಿಸಿದರು. ಉಳಿದವರಿಗೆ ಕಣ್ಣು ಮುಚ್ಚಿದ ಕೂಡಲೇ ಸಾಲ ಕೊಟ್ಟವನ ಮುಖ. ಬಿಡುಗಡೆಯಾಗಿ ಮನೆಗೆ ಹೋದವರು ವಾರದೊಳಗೆ ಮತ್ತೆ ಬಾಟಲಿ ಹಿಡಿದರು. ಬೆಳಗಿನ ಶಾಂತಿ ಸಂಜೆ ಏಳರವರೆಗೆ ಬಾಳುವುದಿಲ್ಲ.

ತುಡಿತವನ್ನು ಅದುಮದೆ, ಅದಕ್ಕೆ ಮಣಿಯದೆ, ಏರಿ ಇಳಿಯುವವರೆಗೆ ನೋಡುತ್ತಿರುವ ವಿಧಾನವೊಂದಿದೆ, ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ ಅವರದು. ನಾನು ಅದನ್ನು ಜ್ವರದ ಹಾಗೆ ಎಂದು ವಿವರಿಸುತ್ತೇನೆ: ಏರುತ್ತದೆ, ಬಿಡುತ್ತದೆ. ಸಮಯವನ್ನು ಸಂಜೆ ಆರೂವರೆಗೆ ಬದಲಿಸಿದೆ. ಕಣ್ಣು ತೆರೆದೇ ಇರಬೇಕು. ಇಂಥ ತರಬೇತಿಯಲ್ಲಿ ಗಮನವಿಟ್ಟು ನೋಡಿ ತಿನ್ನಲು ಕೊಡುವ ಒಣದ್ರಾಕ್ಷಿಯ ಬದಲು ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟೆ. ನಮ್ಮೂರಿನಲ್ಲಿ ಕುಡಿತದ ಜೊತೆಗಾರ ಅದೇ ಅಲ್ಲವೇ? ವಾಸನೆಗೇ ತುಡಿತ ಏಳುತ್ತದೆ.

ಗಾರೆ ಕೆಲಸದ ಹಿರಿಯರೊಬ್ಬರು ತಟ್ಟೆ ನೋಡಿದ್ದೇ ಬೆವರಿದರು.

"ಎಲ್ಲಿದೆ ಅಣ್ಣ?"

"ಗಂಟಲಿನಲ್ಲಿ ಸರ್."

"ಹತ್ತಕ್ಕೆ ಎಷ್ಟು?"

"ಒಂಬತ್ತು."

ಪ್ರತಿ ಎರಡು ನಿಮಿಷಕ್ಕೂ ಅದೇ ಪ್ರಶ್ನೆ. ಗಂಟಲಿನಿಂದ ದವಡೆಗೆ ಬಂತು, ಅಂಗೈಗೆ ಇಳಿಯಿತು. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಸ್ಲೇಟಿನ ಮೇಲೆ ತಾವೇ ಮೂರು ಎಂದು ಬರೆದರು. ಆಮೇಲೆ ಬಜ್ಜಿ ತಿಂದರು. ಒಂಬತ್ತಿಗೇರಿದಾಗ ನಾನು ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗುಂಪಿನಲ್ಲಿ ಕುಳಿತೇ ಕೇಳಬೇಕು.

ಕುಡಿತ ಬಿಟ್ಟ ಮೊದಲ ವಾರ ಇದನ್ನು ಮಾಡಿಸುವುದೇ ಇಲ್ಲ. ಫಿಟ್ಸ್, ಸನ್ನಿಯ ಅಪಾಯವಿರುವಾಗ ವೈದ್ಯರು ಕೊಡುವ ಲೊರಾಜೆಪಾಮ್ ಔಷಧಿ, ಥಯಾಮಿನ್ ಎಂಬ ಬಿ1 ವಿಟಮಿನ್‌ಗಳದೇ ಕೆಲಸ. ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ನುಂಗುವವರೂ ಅದನ್ನು ಬಿಡುವ ಹಾಗಿಲ್ಲ. ಇದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ.

ಗುಟ್ಕಾದ ಮೇಲೂ ಪ್ರಯೋಗಿಸಿ ನೋಡಿದೆ. ಅದಕ್ಕೆ ಹೊತ್ತು ಗೊತ್ತೆಂಬುದಿಲ್ಲ, ದಿನವಿಡೀ ಬಾಯಿ ಬೇಡುತ್ತದೆ. ಊಟದ ನಂತರದ ಒಂದೇ ಗುಟ್ಕಾ ಪೊಟ್ಟಣವನ್ನು ಹಿಡಿದು ಅಭ್ಯಾಸ ಮಾಡಿಸಿದಾಗ ಕೆಲವರಿಗೆ ದಕ್ಕಿತು. ಇನ್ನೂ ತಿದ್ದುವುದಿದೆ.

ಆಡಳಿತ ಮಂಡಳಿ ಮೂರೇ ತಿಂಗಳಿಗೆ ಫಲಿತಾಂಶ ಕೇಳಿತು. ಅಮೆರಿಕದ ಸಂಶೋಧಕಿ ಸಾರಾ ಬೋವೆನ್ ತಂಡ 286 ಮಂದಿ ವ್ಯಸನಿಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ವರದಿಯನ್ನು ಮುಂದಿಟ್ಟೆ. ಅಲ್ಲಿ ಸಾಮಾನ್ಯ ಮರುಕಳಿಕೆ ತಡೆ ತರಬೇತಿಗಿಂತ ಈ ಬಗೆಯ ಧ್ಯಾನದ ಅಭ್ಯಾಸ ಮುಂದೆ ಬಂದದ್ದು ಹನ್ನೆರಡನೇ ತಿಂಗಳಿನಲ್ಲಿ. ವರ್ಷ ಕಾಯಲು ಒಪ್ಪಿದರು. ಹಿಂದೆ ಹತ್ತರಲ್ಲಿ ಇಬ್ಬರು ಮೂವರು ಕುಡಿಯದೆ ಉಳಿಯುತ್ತಿದ್ದರು. ಈಗ ನನ್ನ ಲೆಕ್ಕಕ್ಕೆ ಐದರ ಆಸುಪಾಸು ಇದ್ದಾರೆ, ಜಾರಿದವರೂ ಬೇಗ ಮರಳಿ ಬರುತ್ತಾರೆ.

ಖರ್ಚು? ಹದಿನೈದು ಜನರ ಗುಂಪಿಗೆ ಒಂದು ಸಂಜೆಗೆ ನಾಲ್ಕುನೂರು ರೂಪಾಯಿ ದಾಟುವುದಿಲ್ಲ. ಲೆಕ್ಕಪರಿಶೋಧಕರು ಮಾತ್ರ ಬಜ್ಜಿಯ ಬಿಲ್ಲನ್ನು ಚಿಕಿತ್ಸಾ ವೆಚ್ಚಕ್ಕೆ ಸೇರಿಸಲು ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ನಾನೇ ಕೊಡುತ್ತಿದ್ದೇನೆ.