ಡೇಲಿಲಿ ಬಾಡಿದರೆ ನೀರಿಗಿಂತ ಮೊದಲು ಬೇರು ನೋಡಿ

ಏಪ್ರಿಲ್ ಬಂತೆಂದರೆ ಪುಣೆಯ ಬಾಲ್ಕನಿಗಳಲ್ಲಿ ಡೇಲಿಲಿ ಎಂಬ ಹೂಗಿಡದ ಎಲೆಗಳು ಜೋತುಬೀಳುತ್ತವೆ. ಮನೆಯವರು ಗಾಬರಿಯಾಗಿ ಹೊತ್ತು ಹೊತ್ತಿಗೂ ತಂಬಿಗೆ ತಂಬಿಗೆ ನೀರು ಸುರಿಯುತ್ತಾರೆ. ಕೋಥ್ರೂಡಿನಲ್ಲಿ ನಮ್ಮ ಕೆಳಮನೆಯ ಅಕ್ಕ ಹೋದ ಬೇಸಿಗೆಯಲ್ಲಿ ಹೀಗೆ ಮಾಡಿಯೇ ಆರು ಕುಂಡಗಳಲ್ಲಿ ನಾಲ್ಕನ್ನು ಕಳೆದುಕೊಂಡರು. ಧಾರವಾಡದ ತವರುಮನೆಯಿಂದ ಮಡಿಲಲ್ಲಿಟ್ಟು ತಂದ ಗಿಡಗಳು ಅವು. ಒಣಗಿ ಸಾಯಲಿಲ್ಲ, ಕೊಳೆತು ಸತ್ತವು. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ಮೇಲ್ನೋಟಕ್ಕೆ ಒಂದೇ, ಏಕೆಂದರೆ ಎರಡರಲ್ಲೂ ಎಲೆಗೆ ನೀರು ತಲುಪುತ್ತಿರುವುದಿಲ್ಲ.

ಮೊದಲು ಹೊತ್ತು ನೋಡಿ. ಮಧ್ಯಾಹ್ನ ಬಾಡಿ, ಸಂಜೆ ತಂಪಾದ ಮೇಲೆ ತಲೆ ಎತ್ತಿದರೆ ಗಿಡಕ್ಕೆ ರೋಗವಿಲ್ಲ, ಬಿಸಿಲು ಹೆಚ್ಚಾಗಿದೆ ಅಷ್ಟೆ. ಪಡುವಣ ಬಾಲ್ಕನಿಯಾದರೆ ಹಸಿರು ನೆರಳುಬಲೆ ಕಟ್ಟಿ, ಇಲ್ಲವೇ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆಗೆ ಕುಂಡ ಸರಿಸಿ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡವೇ ಬೇಡ, ಬಿಸಿಲಿಗೆ ಕಾದು ಬೇರನ್ನೇ ಬೇಯಿಸುತ್ತದೆ. ಬೆಳಿಗ್ಗೆ ಏಳಕ್ಕೂ ಎಲೆ ಬಾಡಿಯೇ ಇದ್ದರೆ ಮುಂದಿನ ಹೆಜ್ಜೆಗೆ ಹೋಗಿ.

ಮಣ್ಣಿಗೆ ಬೆರಳು ಹಾಕಿ. ಎರಡು ಅಂಗುಲ ಆಳದಲ್ಲೂ ಒಣಗಿದ್ದರೆ ನೀರು ಕೊಡಿ. ಅಲ್ಲಿ ಹಸಿಯಿದ್ದು ಎಲೆ ಬಾಡಿದ್ದರೆ ತಂಬಿಗೆ ಕೆಳಗಿಡಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡದ ಮೇಲ್ಮೈಯನ್ನು ನಂಬಬೇಡಿ: ಮೇಲೆ ಹೊಟ್ಟಿನಂತೆ ಒಣಗಿ, ಕೆಳಗೆ ನೆನೆದ ಸ್ಪಂಜಿನಂತಿರುತ್ತದೆ. ನಾನಂತೂ ಡೇಲಿಲಿಗೆ ಅದನ್ನು ಬಳಸುವುದನ್ನೇ ಬಿಟ್ಟಿದ್ದೇನೆ.

ಈಗ ಬೇರು. ಎಲ್ಲರೂ ಹೆದರಿ ಬಿಟ್ಟುಬಿಡುವುದು ಇದನ್ನೇ, ಗಿಡ ಉಳಿಯುವುದೂ ಇದರಿಂದಲೇ. ಬಿಸಿಲಿಳಿದ ಮೇಲೆ ಹಳೆಯ ಪತ್ರಿಕೆ ಹಾಸಿ, ಕುಂಡವನ್ನು ಅಡ್ಡ ಮಲಗಿಸಿ, ಸುತ್ತಲೂ ಅಂಗೈಯಿಂದ ತಟ್ಟಿ. ಮಣ್ಣಿನ ಮುದ್ದೆ ತಾನಾಗಿ ಜಾರಿ ಬರಬೇಕು. ಎಲೆ ಹಿಡಿದು ಎಳೆಯಬೇಡಿ, ಎಳೆದರೆ ಸುಳಿ ಕಿತ್ತು ಕೈಗೆ ಬರುತ್ತದೆ. ಮಣ್ಣು ಉದುರಿಸಿ. ಡೇಲಿಲಿಗೆ ನಿಜವಾದ ಲಿಲಿಯಂತೆ ಗಡ್ಡೆಯಿಲ್ಲ, ಬೆರಳಿನಂಥ ದಪ್ಪ ಬೇರುಗಳಿವೆ. ಆರೋಗ್ಯದ ಬೇರು ಎಳೆ ಶುಂಠಿಯ ಬಣ್ಣದ್ದು, ಒತ್ತಿದರೆ ಗಟ್ಟಿ. ಬಾಯಾರಿದ ಬೇರು ಒಣ ಶತಾವರಿಯಂತೆ ಸುಕ್ಕುಗಟ್ಟಿರುತ್ತದೆ, ಆದರೆ ಎಳೆದರೂ ತುಂಡಾಗುವುದಿಲ್ಲ. ನೀರು ಸಿಕ್ಕರೆ ಮತ್ತೆ ತುಂಬಿಕೊಳ್ಳುತ್ತದೆ. ಕೊಳೆತ ಬೇರನ್ನು ಹಿಂಡಿದರೆ ಸಿಪ್ಪೆ ಕಳಚಿ ಬಂದು ನಡುವಿನ ನಾರು ಮಾತ್ರ ಉಳಿಯುತ್ತದೆ. ವಾಸನೆಯೂ ಚರಂಡಿಯದೇ.

ಎಲೆಯೂ ಬೇರೂ ಸೇರುವಲ್ಲಿ ಗಟ್ಟಿಯಾದ ಬುಡವಿದೆ. ನಡುವಿನ ಎಲೆಯನ್ನು ಮೆಲ್ಲಗೆ ಜಗ್ಗಿ. ಕಂದು ಲೋಳೆ ಅಂಟಿದ ತುದಿಯೊಂದಿಗೆ ಸಲೀಸಾಗಿ ಬಂದರೆ ಕೊಳೆ ಸುಳಿ ಮುಟ್ಟಿದೆ. ಆದರೂ ಬುಡದ ಒಂದು ಪಾಲು ಗಟ್ಟಿಯಿದ್ದರೆ ಬಿಸಾಡಬೇಡಿ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೆ ಕೊಳೆತದ್ದನ್ನೆಲ್ಲ ಕತ್ತರಿಸಿ, ಎಲೆಗಳನ್ನು ಗೇಣುದ್ದಕ್ಕೆ ಮೊಟಕುಗೊಳಿಸಿ. ಗಾಯಕ್ಕೆ ಅರಿಶಿನ ಹಚ್ಚುವವರಿದ್ದಾರೆ, ಹಚ್ಚಲಿ, ಆದರೆ ಕೊಳೆತದ್ದನ್ನು ಒಳಗೇ ಉಳಿಸಿ ಹಚ್ಚಿದರೆ ಪ್ರಯೋಜನವಿಲ್ಲ. ಎರಡು ದಿನ ನೆರಳಿನಲ್ಲಿ ಒಣಗಿಸಿ, ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಸೇರಿಸಿದ ಹೊಸ ಮಣ್ಣಿನಲ್ಲಿ ನೆಡಿ. ಬುಡ ಮಣ್ಣಿನಡಿ ಒಂದು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಇಲ್ಲಿಯ ಎರೆಮಣ್ಣನ್ನು ಕುಂಡಕ್ಕೆ ಹಾಕಬೇಡಿ: ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಒಮ್ಮೆ ನೀರುಣಿಸಿ, ಎರಡು ಅಂಗುಲ ಒಣಗುವವರೆಗೆ ಕೈ ಕಟ್ಟಿ ಕುಳಿತುಕೊಳ್ಳಿ. ಅಕ್ಕನ ಉಳಿದೆರಡು ಗಿಡಗಳನ್ನು ಹೀಗೆಯೇ ಬಿಡಿಸಿ ನೆಟ್ಟೆವು. ಮೂರನೆಯ ವಾರ ಒಂದರ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಳಕೆ ಕಂಡಾಗ ಅಕ್ಕ ಓಡಿಬಂದು ನನ್ನನ್ನು ಕರೆದರು.

ಬೇರು ಚೆನ್ನಾಗಿದ್ದರೆ ಎಲೆ ನೋಡಿ. ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳಿದ್ದರೆ ಬಿಳಿ ಹಾಳೆಯ ಮೇಲೆ ಎಲೆಯನ್ನು ಕೊಡವಿ. ಪುಡಿಯಂಥ ಚುಕ್ಕೆಗಳು ಹರಿದಾಡಿದರೆ ಅದು ಜೇಡನುಸಿ, ಒಣಹವೆಯಲ್ಲಿ ಹೆಚ್ಚುವ ಪೀಡೆ. ಅದು ಕೀಟವಲ್ಲ, ಜೇಡದ ಕುಲದ್ದು. ಅಂಗಡಿಯವರು ಕೊಡುವ ಸಾಮಾನ್ಯ ಕೀಟನಾಶಕ ನುಸಿಯನ್ನು ಬಿಟ್ಟು, ಅದನ್ನು ತಿನ್ನುವ ಹುಳುಗಳನ್ನು ಕೊಲ್ಲುವುದೇ ಹೆಚ್ಚು. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ನೀರನ್ನು ರಭಸವಾಗಿ ಚಿಮುಕಿಸಿ. ಸಾಲದಿದ್ದರೆ ಬೇವಿನೆಣ್ಣೆ, ಅದೂ ಸೂರ್ಯ ಮುಳುಗಿದ ಮೇಲೆ. ಬಿಸಿಲಿನಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ.

ತುದಿ ಮಾತ್ರ ಕಂದಾಗಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ನೀರಿನ ಉಪ್ಪು. ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿಯಾದ ಸೊಸೈಟಿಗಳಲ್ಲಿ ಇದು ಸಾಮಾನ್ಯ. ನೀರು ಉಳಿಸುವ ಆಸೆಯಿಂದ ನೀರು ಶುದ್ಧಮಾಡುವ ಆರ್‌ಓ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಕುಂಡಕ್ಕೆ ಹಾಕುವವರನ್ನು ಕಂಡಿದ್ದೇನೆ. ನೀರಿನ ಉಪ್ಪೆಲ್ಲ ಒಟ್ಟುಗೂಡುವುದು ಅದರಲ್ಲೇ, ಅದನ್ನು ನೆಲ ತೊಳೆಯಲು ಬಳಸಿ. ನಲ್ಲಿ ನೀರು ಬಂದ ದಿನ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಒಮ್ಮೆ ತೊಳೆಯಿರಿ.

ಕೆಳಗಿನ ಒಂದೆರಡು ಎಲೆ ಹಳದಿಯಾದರೆ ಕಿತ್ತುಹಾಕಿ, ಅಷ್ಟು ಸಾಕು.

ಬಾಡಿದ ಗಿಡಕ್ಕೆ ಯೂರಿಯಾ ಹಾಕಬೇಡಿ. ಹಿಂಡನ್ನು ಬಿಡಿಸಿ ಬೇರೆ ಬೇರೆ ನೆಡುವ ಆಸೆಯಿದ್ದರೆ ಮೇ ತಿಂಗಳಲ್ಲಿ ಮುಟ್ಟಬೇಡಿ, ಮಳೆಯ ಜೋರು ಇಳಿದ ಸೆಪ್ಟೆಂಬರ್‌ವರೆಗೆ ಕಾಯಿರಿ.