ಪೋರ್ಟ್ ಹಸಿರಾಗಿತ್ತು, ಲ್ಯಾಬ್ ಮಾತ್ರ ಕುಂಟುತ್ತಿತ್ತು

ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಒಟ್ಟು 23 ನೆಟ್‌ವರ್ಕ್ ಸ್ವಿಚ್‌ಗಳಿವೆ, ಅಂದರೆ ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆಗಳು. ಕಂಪನಿ ಬೇರೆ ಬೇರೆ, ವಯಸ್ಸೂ ಬೇರೆ ಬೇರೆ. ಮೊದಲೆಲ್ಲ ಯಾರಾದರೂ ಫೋನ್ ಮಾಡಿ "ಸರ್, ನೆಟ್ ಬರ್ತಿಲ್ಲ" ಅಂದಮೇಲೇ ನನಗೆ ಸುದ್ದಿ. ಆಮೇಲೆ ಆ ಬ್ಲಾಕ್‌ಗೆ ಓಡಿ, ರ‍್ಯಾಕ್ ಬೀಗ ತೆಗೆದು, ದೀಪ ಮಿನುಗುತ್ತಿದೆಯಾ ನೋಡುವುದು. ಓಡಿ ಓಡಿ ಸಾಕಾಯಿತು. ಮೂಲೆಗೆ ಬಿದ್ದಿದ್ದ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು ಹಾಕಿ, ಅದರ ಮೇಲೆ ಲಿಬ್ರೆಎನ್‌ಎಂಎಸ್ ಅನ್ನುವ, ನೆಟ್‌ವರ್ಕ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಕೂರಿಸಿದೆ. ಇದು ಓಪನ್ ಸೋರ್ಸ್, ಪುಕ್ಕಟೆ, ಹಾಗಾಗಿ ಪ್ರಿನ್ಸಿಪಾಲರ ಸಹಿಗೆ ಕಾಯುವ ಗೋಳು ಇರಲಿಲ್ಲ.

ಸ್ವಿಚ್‌ಗಳ ಜೊತೆ ಇದು ಮಾತಾಡುವುದು ಎಸ್‌ಎನ್‌ಎಂಪಿ ಭಾಷೆಯಲ್ಲಿ, ಯುಡಿಪಿ 161ನೇ ಪೋರ್ಟ್ (ಸಾಫ್ಟ್‌ವೇರ್ ಲೆಕ್ಕದ ಬಾಗಿಲ ಸಂಖ್ಯೆ) ಮೂಲಕ. ಐದು ನಿಮಿಷಕ್ಕೊಮ್ಮೆ ಪ್ರತಿ ಸ್ವಿಚ್ಚನ್ನೂ ಕೇಳಿ ಬರುತ್ತದೆ: ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಎದ್ದಿದೆಯಾ, ವೇಗ ಎಷ್ಟು, ಎರರ್ ಎಷ್ಟು. ಹೊಸ ಸ್ವಿಚ್‌ಗಳಿಗೆ ಈ ಭಾಷೆಯ ಮೂರನೇ ಆವೃತ್ತಿ ವಿ3 ಹಾಕಿದೆ, ಅದರಲ್ಲಿ ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಶನ್ ಎರಡೂ ಇದೆ. ಹಳೆಯವಕ್ಕೆ ಅದಕ್ಕಿಂತ ಹಿಂದಿನ ವಿ2ಸಿ ಮಾತ್ರ ಗೊತ್ತು. ಅವುಗಳಲ್ಲಿ "ಪಬ್ಲಿಕ್" ಅನ್ನುವ ಡೀಫಾಲ್ಟ್ ಹೆಸರು (ಪಾಸ್‌ವರ್ಡ್‌ನಂತೆ ಬಳಕೆಯಾಗುವುದು) ಹಾಗೇ ಕೂತಿತ್ತು. ಅದನ್ನು ಬದಲಿಸಿ, ನನ್ನ ಸರ್ವರ್‌ನ ಐಪಿಗೆ ಮಾತ್ರ ಉತ್ತರ ಕೊಡುವಂತೆ ಕಟ್ಟಿಹಾಕಿದೆ.

ಡ್ಯಾಶ್‌ಬೋರ್ಡ್ ತೆರೆದರೆ ಎಲ್ಲ ಹಸಿರು. ಖುಷಿಯಾಯಿತು. ಆ ಖುಷಿ ಬಹಳ ದಿನ ಉಳಿಯಲಿಲ್ಲ.

ಕಂಪ್ಯೂಟರ್ ಲ್ಯಾಬ್‌ನವರು ತಿಂಗಳುಗಟ್ಟಲೆ ಗೊಣಗುತ್ತಿದ್ದರು. ಪಿಂಗ್ ("ಇದ್ದೀಯಾ" ಅಂತ ಕೇಳುವ ಸಣ್ಣ ಸಂದೇಶ) ಚೆನ್ನಾಗೇ ಬರುತ್ತಿತ್ತು, ಫೈಲ್ ಕಾಪಿಗೆ ಹಾಕಿದರೆ ಮಾತ್ರ ಎಮ್ಮೆ ನಡಿಗೆ. ನಾನು ಹಸಿರು ತೋರಿಸಿ "ನನ್ನ ಕಡೆ ಎಲ್ಲ ಸರಿ ಇದೆ" ಅಂತ ವಾದಿಸಿದ್ದೂ ಉಂಟು. ಒಂದು ದಿನ ಸುಮ್ನೆ ಕೂತು ಆ ಲ್ಯಾಬ್ ಸ್ವಿಚ್‌ನ ಪೋರ್ಟ್ ಪುಟ ತೆರೆದೆ. ಅಪ್‌ಲಿಂಕ್ ಪೋರ್ಟ್ (ಮುಖ್ಯ ಸ್ವಿಚ್‌ಗೆ ಹೋಗುವ ಕಿಂಡಿ) ಮುಂದೆ 100 ಎಂಬಿಪಿಎಸ್, ಹಾಫ್ ಡುಪ್ಲೆಕ್ಸ್ ಅಂತಿತ್ತು, ಅಂದರೆ ಒಂದು ಸಲಕ್ಕೆ ಒಂದೇ ದಿಕ್ಕಿನ ಮಾತು! ಅದೇ ಕೇಬಲ್‌ನ ಆ ತುದಿ, ಅಂದರೆ ಬ್ಲಾಕ್‌ನ ಮುಖ್ಯ ಸ್ವಿಚ್‌ನಲ್ಲಿ, 100 ಫುಲ್, ಅಂದರೆ ಎರಡೂ ದಿಕ್ಕಿನ ಮಾತು ಒಟ್ಟಿಗೆ.

ಆದದ್ದು ಇಷ್ಟು. ಹಿಂದೊಮ್ಮೆ ಅಲ್ಲಿ ಹಳೆಯ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ತಾಮ್ರದ ಕೇಬಲ್ ಜೋಡಿಸುವ ಪೆಟ್ಟಿಗೆ) ಇತ್ತಂತೆ. ಅದಕ್ಕೋಸ್ಕರ ಯಾರೋ ಮುಖ್ಯ ಸ್ವಿಚ್‌ನ ಪೋರ್ಟನ್ನು ಕೈಯಾರೆ 100 ಫುಲ್‌ಗೆ ಕಟ್ಟಿದ್ದರು. ಕನ್ವರ್ಟರ್ ಹೋಯಿತು, ಸೆಟ್ಟಿಂಗ್ ಉಳಿಯಿತು. ಈ ಕಡೆಯ ಸ್ವಿಚ್ ಆಟೋದಲ್ಲಿತ್ತು, ಅಂದರೆ ಎದುರಿನದರ ಜೊತೆ ಮಾತಾಡಿ ವೇಗ, ಡುಪ್ಲೆಕ್ಸ್ ತಾನೇ ಗೊತ್ತುಮಾಡಿಕೊಳ್ಳುವ ರೀತಿ. ಎದುರಿನದು ಆಟೋ ಮಾತುಕತೆಗೇ ಬರದಿದ್ದರೆ, ಆಟೋದಲ್ಲಿರುವ ಪೋರ್ಟ್ ಸಿಗ್ನಲ್ ನೋಡಿ ವೇಗವನ್ನೇನೋ ಕಂಡುಹಿಡಿಯುತ್ತದೆ, ಡುಪ್ಲೆಕ್ಸ್ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದಾಗ ಹಾಫ್ ಅಂತ ಹಿಡಿಯಬೇಕು, ನಿಯಮವೇ ಹಾಗೆ. ಈಗ ಒಬ್ಬ ಸರದಿ ಕಾಯುತ್ತಾ ಮಾತಾಡುತ್ತಾನೆ, ಇನ್ನೊಬ್ಬ ಕೇಳಿಸಿಕೊಳ್ಳುತ್ತಲೇ ನಡುವೆ ಬಾಯಿ ಹಾಕುತ್ತಾನೆ. ಹಾಫ್ ಕಡೆ ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ), ಫುಲ್ ಕಡೆ ಸಿಆರ್‌ಸಿ ಎರರ್ (ಕೆಟ್ಟು ಬಂದ ಮಾಹಿತಿಯ ಲೆಕ್ಕ). ಪಿಂಗ್‌ನಂಥ ಸಣ್ಣ ಪ್ಯಾಕೆಟ್ ನುಸುಳಿಕೊಳ್ಳುತ್ತದೆ, ದಟ್ಟಣೆ ಜಾಸ್ತಿಯಾದ ಕೂಡಲೇ ಡಿಕ್ಕಿ. ಎರಡೂ ಕಡೆ ಆಟೋ ಮಾಡಿದೆ. ಒಂದು ಗಿಗಾಬಿಟ್ ಫುಲ್‌ಗೆ ಬಂತು. ಎರರ್ ಗೆರೆ ನೆಲಕ್ಕೆ ಮಲಗಿತು. ಲ್ಯಾಬ್‌ನವರಿಗೆ ಕಾಫಿ ಕೊಡಿಸಿ ತಪ್ಪೊಪ್ಪಿಕೊಂಡೆ.

ಅಂದಿನಿಂದ ಮೊದಲ ಪರದೆಯಲ್ಲಿ ಅಪ್, ಡೌನ್ ಜೊತೆಗೆ ವೇಗ, ಡುಪ್ಲೆಕ್ಸ್, ಎರರ್ ಇಟ್ಟಿದ್ದೇನೆ. ಅಪ್‌ಲಿಂಕ್ ಗಿಗಾಬಿಟ್‌ಗಿಂತ ಕೆಳಗಿಳಿದರೆ ಮೇಲ್ ಬರುವಂತೆ ಒಂದು ಅಲರ್ಟ್ ಬರೆದೆ. ಮೊದಲ ಬೇಟೆಯೇ ಇಲಿ! ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ಇಲಿ ಒಂದು ಜೋಡಿ ಕಡಿದಿತ್ತು, ಸ್ವಿಚ್ ಸದ್ದಿಲ್ಲದೆ 100ಕ್ಕೆ ಇಳಿದು ಹಸಿರಾಗೇ ಇತ್ತು.

ಸ್ಪ್ಯಾನಿಂಗ್ ಟ್ರೀಯನ್ನೂ ಒಮ್ಮೆ ನೋಡಿಕೊಳ್ಳಿ. ಸ್ವಿಚ್‌ಗಳ ನಡುವೆ ಮಾಹಿತಿ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ ಅದು. ಪ್ರಯಾರಿಟಿ ಅಂಕಿ ಕಡಿಮೆ ಇರುವ ಸ್ವಿಚ್ ಅದಕ್ಕೆ ಯಜಮಾನ, ಅಂದರೆ ರೂಟ್. ನಮ್ಮಲ್ಲಿ ಎಲ್ಲ ಸ್ವಿಚ್‌ನ ಪ್ರಯಾರಿಟಿಯೂ ಡೀಫಾಲ್ಟ್ 32768 ಇತ್ತು. ಹಾಗಿದ್ದಾಗ ಚಿಕ್ಕ ಮ್ಯಾಕ್ ವಿಳಾಸದ್ದೇ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ರೂಟ್. ನಮ್ಮ ಪಾಲಿಗೆ ಅದು ಹಾಸ್ಟೆಲ್‌ನ ಮುದಿ ಸ್ವಿಚ್. ಕೋರ್ ಸ್ವಿಚ್‌ಗೆ 4096 ಕೊಟ್ಟು ಯಜಮಾನಿಕೆ ವಾಪಸ್ ಪಡೆದೆ.

ಅಪ್‌ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಕಾಲಮ್ ನಾನು ಗಮನಿಸುತ್ತಲೇ ಇರಲಿಲ್ಲ. ಲೈಬ್ರರಿ ಸ್ವಿಚ್‌ನದು ಯಾವತ್ತೂ ಹತ್ತು ಗಂಟೆ ದಾಟುತ್ತಿರಲಿಲ್ಲ. ಪವರ್ ಸಪ್ಲೈ ಹೋಗಿದೆ ಅಂದುಕೊಂಡು ಬದಲಿ ಸ್ವಿಚ್ ಹಿಡಿದೇ ಹೋದೆ. ನೋಡಿದರೆ ಅದಕ್ಕೆ ಕರೆಂಟ್ ಕೊಟ್ಟದ್ದು ಟ್ಯೂಬ್‌ಲೈಟ್‌ಗಳ ಬೋರ್ಡ್‌ನಿಂದ. ಸಂಜೆ ಅಟೆಂಡರ್ ಅಣ್ಣ ಎಲ್ಲ ಆರಿಸಿ ಬೀಗ ಹಾಕುತ್ತಿದ್ದರು.

"ಅಣ್ಣಾ, ಸ್ವಿಚ್ ಆಫ್ ಮಾಡ್ಬೇಡಿ" ಅಂದೆ.

"ಸ್ವಿಚ್ ಇರೋದೇ ಆಫ್ ಮಾಡೋಕಲ್ವಾ ಸರ್?" ಅಂದರು.

ಯುಪಿಎಸ್‌ನಿಂದ ಬೇರೆ ಲೈನ್ ಎಳೆಸಿದೆ. ಈಗ ಅಪ್‌ಟೈಮ್ 41 ದಿನ.