ಸೊರಗಿದ ಗಿನಿಪಿಗ್‌ಗಳ ಆರೈಕೆ: ಮನೆಗೆ ತಂದ ದಿನದಿಂದ ಚೇತರಿಕೆಯವರೆಗೆ

ಹಿಂಸಿಸಬೇಕೆಂಬ ಉದ್ದೇಶದಿಂದ ಗಿನಿಪಿಗ್‌ಗಳನ್ನು ಮನೆಗೆ ತರುವವರು ವಿರಳ. ಮಗುವಿನ ಹುಟ್ಟುಹಬ್ಬಕ್ಕೆಂದು ಅಂಗಡಿಯಿಂದ ಜೋಡಿಯಾಗಿ ತಂದು, ಹಕ್ಕಿಗಳ ಪಂಜರವೊಂದರಲ್ಲಿ ಕೂಡಿಹಾಕಿ, ಬಾಲ್ಕನಿಯ ಮೂಲೆಯಲ್ಲಿಟ್ಟು, ಕ್ಯಾರೆಟ್, ಕಾಳು, ಉಳಿದ ಅನ್ನ ಇತ್ಯಾದಿಗಳನ್ನು ಹಾಕುತ್ತಾ ಹೋಗುವ ಮನೆಗಳಲ್ಲಿ ಈ ಪ್ರಾಣಿಗಳು ಸದ್ದಿಲ್ಲದೆ ಸೊರಗುತ್ತವೆ. ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವಿಯಾದ್ದರಿಂದ ಕಾಯಿಲೆಯನ್ನು ಮರೆಮಾಚುವುದು ಅವುಗಳ ಸ್ವಭಾವವಾಗಿದ್ದು, ನೋಡುವವರಿಗೆ ತಿಳಿಯುವ ಹೊತ್ತಿಗೆ ಸ್ಥಿತಿ ಬಹಳ ಹದಗೆಟ್ಟಿರುತ್ತದೆ.

ಅಂಥ ಪ್ರಾಣಿಗಳು ಕಣ್ಣಿಗೆ ಬಿದ್ದಾಗ ಮಾಲೀಕರನ್ನು ದೂಷಿಸುವುದರಿಂದ ಪ್ರಯೋಜನವಿಲ್ಲ. 'ನಿಮಗೆ ಕಷ್ಟವಾಗುತ್ತಿದ್ದರೆ ನಾವು ನೋಡಿಕೊಳ್ಳುತ್ತೇವೆ' ಎಂಬ ಒಂದು ಮಾತಿಗೆ ಬಹಳಷ್ಟು ಜನ ನೆಮ್ಮದಿಯಿಂದಲೇ ಒಪ್ಪುತ್ತಾರೆ. ಒಪ್ಪಿದ್ದನ್ನು ನಾಲ್ಕು ಸಾಲಿನಲ್ಲಿ ಬರೆಸಿಕೊಳ್ಳಿ. ಇಕ್ಕಟ್ಟಾದ ಪಂಜರದಲ್ಲಿಡುವುದು, ಸಾಕಷ್ಟು ಆಹಾರ ನೀರು ಕೊಡದಿರುವುದು, ಸಕಾರಣವಿಲ್ಲದೆ ತೊರೆದುಬಿಡುವುದು ಇವೆಲ್ಲವೂ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅಪರಾಧಗಳೇ ಆದರೂ, ಮಾತಿಗೆ ಬಗ್ಗದವರ ವಿಷಯದಲ್ಲಿ ಮಾತ್ರ ಆ ದಾರಿ ಹಿಡಿಯುವುದು ಲೇಸು. 'ಪಾರ್ಕಿನಲ್ಲಿ ಬಿಟ್ಟರೆ ಹುಲ್ಲು ತಿಂದು ಬದುಕಿಕೊಳ್ಳುತ್ತವೆ' ಎನ್ನುವವರಿಗೆ ಇಷ್ಟು ತಿಳಿಸಿ: ಗಿನಿಪಿಗ್‌ಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ, ಸಾವಿರಾರು ವರ್ಷಗಳಿಂದ ಮನುಷ್ಯರ ಆಶ್ರಯದಲ್ಲೇ ಬೆಳೆದ ಈ ಪ್ರಾಣಿ ನಮ್ಮ ಬೆಕ್ಕು, ನಾಯಿ, ಹದ್ದುಗಳ ನಡುವೆ ಉಳಿಯುವುದು ಕಷ್ಟ.

ಸಾಗಿಸುವಾಗ ಗಾಳಿಯಾಡುವ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಒಂದು ಹಿಡಿ ಹುಲ್ಲು ಮತ್ತು ನೀರಿನ ಬದಲು ಸೌತೆಕಾಯಿಯ ಹೋಳುಗಳನ್ನಿಟ್ಟರೆ ಸಾಕು. ಮಧ್ಯಾಹ್ನದ ಪ್ರಯಾಣ ಬೇಡ. ಇವುಗಳಿಗೆ ಹಿತವಾದ ಉಷ್ಣಾಂಶ 18ರಿಂದ 24 ಡಿಗ್ರಿ ಸೆಲ್ಸಿಯಸ್. 28 ಡಿಗ್ರಿ ದಾಟಿತೆಂದರೆ ಶಾಖಾಘಾತದ ಭಯವಿದೆ. ಬಳ್ಳಾರಿ, ಕಲಬುರಗಿಯಂಥ ಊರುಗಳಲ್ಲಿ ಬೇಸಿಗೆಯಿಡೀ ಮನೆಯ ಅತ್ಯಂತ ತಂಪಾದ ಕೋಣೆಯನ್ನೇ ಇವುಗಳಿಗೆ ಬಿಟ್ಟುಕೊಟ್ಟು, ಮಲಗಲು ನೆಲದ ಟೈಲ್ಸಿನ ತುಂಡೊಂದನ್ನೂ, ಬಟ್ಟೆ ಸುತ್ತಿದ ಹಿಮಗಟ್ಟಿದ ನೀರಿನ ಬಾಟಲಿಯನ್ನೂ ಇಡಬೇಕಾಗುತ್ತದೆ.

ಮನೆಯಲ್ಲಿ ಈಗಾಗಲೇ ಗಿನಿಪಿಗ್‌ಗಳಿದ್ದರೆ ಹೊಸಬರನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ಮೊಲಗಳ ಜೊತೆಗಂತೂ ಎಂದೂ ಇಡಬೇಡಿ; ಮೊಲಗಳಿಗೆ ತೊಂದರೆ ಕೊಡದೆ ಅವುಗಳ ಮೂಗಿನಲ್ಲಿರುವ ಬೋರ್ಡೆಟೆಲ್ಲಾ ಬ್ಯಾಕ್ಟೀರಿಯ ಗಿನಿಪಿಗ್‌ಗಳಲ್ಲಿ ಮಾರಕ ನ್ಯುಮೋನಿಯ ತರಬಲ್ಲದು. ಮೊದಲ ದಿನವೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ತೂಗಿ ಬರೆದಿಟ್ಟುಕೊಂಡು, ನಂತರ ದಿನವೂ ಅದೇ ಹೊತ್ತಿಗೆ ತೂಗಬೇಕು. ಆರೋಗ್ಯವಂತ ಪ್ರಾಯದ ಗಿನಿಪಿಗ್ 700ರಿಂದ 1,200 ಗ್ರಾಂ ತೂಗುತ್ತದೆ. ಮೈತೂಕದ ಹತ್ತರಲ್ಲೊಂದು ಪಾಲು ಇಳಿದರೆ, ಪ್ರಾಣಿ ಎಷ್ಟೇ ಚುರುಕಾಗಿ ಕಂಡರೂ, ವೈದ್ಯರನ್ನು ಕಾಣುವುದನ್ನು ಮುಂದೂಡಬಾರದು. ನನ್ನ ಮಟ್ಟಿಗೆ ಈ ತೂಕದ ಪುಸ್ತಕ ಯಾವ ಔಷಧಕ್ಕಿಂತಲೂ ಮುಖ್ಯವಾದ ಉಪಕರಣ.

ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ಹೊಟ್ಟೆಯನ್ನು. ಸ್ನಾನ, ಬಾಚುವಿಕೆ, ಹೊಸ ಜೊತೆಗಾರರ ಪರಿಚಯ ಇವೆಲ್ಲವೂ ಕಾಯಬಹುದು. ಗಿನಿಪಿಗ್‌ನ ಕರುಳು ಕಾಯುವುದಿಲ್ಲ. ಹುಲ್ಲು ನಿರಂತರವಾಗಿ ಒಳಗೆ ಹೋಗುತ್ತಿದ್ದರೆ ಮಾತ್ರ ಆ ಕರುಳು ಚಲಿಸುತ್ತದೆ, ಜೀವನಪರ್ಯಂತ ಬೆಳೆಯುತ್ತಲೇ ಇರುವ 20 ಹಲ್ಲುಗಳು ಸವೆಯುತ್ತವೆ. ಆದ್ದರಿಂದ ಒಣಹುಲ್ಲು ದಿನದ 24 ಗಂಟೆಯೂ ಮುಂದಿರಬೇಕು. ಹೊರದೇಶದಿಂದ ಬರುವ ಟಿಮೊಥಿ ಹುಲ್ಲು ದುಬಾರಿಯೆನಿಸಿದರೆ, ಔಷಧ ಸಿಂಪಡಿಸದ, ನಾಯಿಗಳು ಓಡಾಡದ ಜಾಗದ ಗರಿಕೆಯನ್ನೂ ಇತರ ಮೇವಿನ ಹುಲ್ಲನ್ನೂ ತಂದು, ಒಂದಿಷ್ಟನ್ನು ಹಸಿಯಾಗಿ, ಉಳಿದದ್ದನ್ನು ಒಣಗಿಸಿ ಕೊಡಬಹುದು. ಭತ್ತದ ಹುಲ್ಲಿನಲ್ಲಿ ಪೋಷಕಾಂಶ ಕಡಿಮೆ, ಹಾಸಲು ಆದೀತು. ಕುದುರೆ ಮೆಂತ್ಯದ ಸೊಪ್ಪಿನಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಮರಿಗಳಿಗೂ ಬಸುರಿಗಳಿಗೂ ಅದು ಒಳ್ಳೆಯದು, ಉಳಿದವುಗಳಿಗೆ ಮೂತ್ರಕೋಶದ ಕಲ್ಲಿಗೆ ದಾರಿ. ಕಾಳು, ಅನ್ನ, ಬ್ರೆಡ್ಡು, ಹಾಲು ಇವುಗಳನ್ನು ನಿಲ್ಲಿಸಿ. ಹಸಿರು ಸೊಪ್ಪನ್ನು ಕಾಣದೆ ಬೆಳೆದ ಪ್ರಾಣಿಗೆ ಒಮ್ಮೆಲೇ ರಾಶಿ ಸೊಪ್ಪು ಸುರಿದರೆ ಭೇದಿಯಾಗುತ್ತದೆ. ಒಂದೆರಡು ಎಸಳು ಕೊತ್ತಂಬರಿಯಿಂದ ಆರಂಭಿಸಿ ಒಂದು ವಾರದಲ್ಲಿ ಹಿಡಿಯಷ್ಟಕ್ಕೆ ಏರಿಸಬೇಕು.

ಇನ್ನು ವಿಟಮಿನ್ ಸಿ. ಮನುಷ್ಯರಂತೆಯೇ ಗಿನಿಪಿಗ್‌ಗಳೂ ಅದನ್ನು ತಮ್ಮ ದೇಹದಲ್ಲಿ ತಯಾರಿಸಿಕೊಳ್ಳಲಾರವು. ಆಹಾರದಲ್ಲಿ ಸಿಗದಿದ್ದರೆ ಎರಡು ಮೂರು ವಾರಗಳಲ್ಲೇ ಸ್ಕರ್ವಿ ಕಾಣಿಸಿಕೊಳ್ಳುತ್ತದೆ. ಒರಟಾದ ಕೂದಲು, ಊದಿದ ಕೀಲುಗಳು, ವಸಡಿನಲ್ಲಿ ರಕ್ತ, ನಡೆಯಲು ಹಿಂಜರಿಕೆ, ಎತ್ತಿಕೊಂಡಾಗ ನೋವಿನ ಕೂಗು ಇದರ ಲಕ್ಷಣಗಳು. ಆರೋಗ್ಯವಂತ ಪ್ರಾಣಿಗೆ ದಿನಕ್ಕೆ ಮೈತೂಕದ ಕಿಲೋ ಒಂದಕ್ಕೆ 10ರಿಂದ 30 ಮಿಲಿಗ್ರಾಂ, ಸೊರಗಿದ್ದಕ್ಕೂ ಬಸುರಿಗೂ 30ರಿಂದ 50 ಮಿಲಿಗ್ರಾಂ ಬೇಕು. ಕೆಂಪು ದಪ್ಪ ಮೆಣಸಿನಕಾಯಿಯ 100 ಗ್ರಾಂನಲ್ಲಿ 100 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುವುದರಿಂದ ದಿನಕ್ಕೊಂದು ದೊಡ್ಡ ಹೋಳು ಬಹುಪಾಲು ಕೆಲಸ ಮಾಡುತ್ತದೆ. ಸೀಬೆಹಣ್ಣಿನಲ್ಲಿ ಇನ್ನೂ ಹೆಚ್ಚಿದೆಯಾದರೂ ಸಕ್ಕರೆಯೂ ಇರುವುದರಿಂದ ಸಣ್ಣ ಚೂರು ಸಾಕು. ಕೊರತೆ ತೀವ್ರವಾಗಿದ್ದರೆ ಮಕ್ಕಳಿಗೆ ಕೊಡುವ ವಿಟಮಿನ್ ಸಿ ಹನಿಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜಿನಿಂದ ನೇರವಾಗಿ ಬಾಯಿಗೆ ಹಾಕಬೇಕು. ಕುಡಿಯುವ ನೀರಿಗೆ ಬೆರೆಸಿದರೆ ಅದು ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಮಲ್ಟಿವಿಟಮಿನ್ ಬೇಡ, ಅದರಲ್ಲಿರುವ ಎ ಮತ್ತು ಡಿ ಅತಿಯಾದರೆ ವಿಷವಾಗುತ್ತವೆ.

ಅರ್ಧ ದಿನ ಏನನ್ನೂ ತಿನ್ನದ ಗಿನಿಪಿಗ್ ತುರ್ತು ರೋಗಿ. ಹೊಟ್ಟೆ ಡೊಳ್ಳಿನಂತೆ ಬಿಗಿದಿದ್ದರೆ ಏನನ್ನೂ ತಿನ್ನಿಸದೆ ತಕ್ಷಣ ವೈದ್ಯರ ಬಳಿ ಒಯ್ಯಬೇಕು. ಬಿಗಿತವಿಲ್ಲದಿದ್ದರೆ, ವೈದ್ಯರು ಸಿಗುವವರೆಗೆ ಗಿನಿಪಿಗ್ ಪೆಲೆಟ್ಟನ್ನು (ಅಂಗಡಿಯಲ್ಲಿ ಸಿಗುವ ಒಣ ಆಹಾರದ ಗುಳಿಗೆ) ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಮುಂಬಲ್ಲುಗಳ ಹಿಂದಿನ ಸಂದಿಯಿಂದ ಅರ್ಧರ್ಧ ಮಿಲಿಲೀಟರಿನಂತೆ, ಅಗಿದು ನುಂಗಿದ ಮೇಲಷ್ಟೇ ಮುಂದಿನದನ್ನು ಕೊಡುತ್ತಾ, ಒಂದು ಸಲಕ್ಕೆ 10ರಿಂದ 15 ಮಿಲಿಲೀಟರ್ ತಿನ್ನಿಸಬಹುದು. ಅವಸರಪಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ವೈದ್ಯರನ್ನು ಆರಿಸುವಾಗ ಮೊಲ, ಗಿನಿಪಿಗ್‌ಗಳಂಥ ಪ್ರಾಣಿಗಳನ್ನು ನೋಡಿ ಅಭ್ಯಾಸವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ದೂರದ ಊರಿನವರಿಗೆ ದನ, ನಾಯಿಗಳನ್ನು ನೋಡುವ ವೈದ್ಯರೇ ಗತಿಯಾದಾಗ ಒಂದು ಸಂಗತಿಯನ್ನು ವಿನಯದಿಂದ ನೆನಪಿಸುವುದು ಒಳಿತು: ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳಂಥ ಪೆನಿಸಿಲಿನ್ ವರ್ಗದ ಔಷಧಗಳು ಗಿನಿಪಿಗ್‌ನ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಗಳನ್ನು ಕೊಂದು, ಕ್ಲಾಸ್ಟ್ರಿಡಿಯಂ ಎಂಬ ಹಾನಿಕರ ಬ್ಯಾಕ್ಟೀರಿಯದ ವಿಷಕ್ಕೆ ಎಡೆಮಾಡಿ, ಕೆಲವೇ ದಿನಗಳಲ್ಲಿ ಪ್ರಾಣವನ್ನೇ ತೆಗೆಯಬಹುದು. ಎನ್ರೋಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಸಾಮಾನ್ಯವಾಗಿ ಬಳಸುವ ಸುರಕ್ಷಿತ ಪರ್ಯಾಯಗಳು.

ಚರ್ಮದ ವಿಷಯದಲ್ಲಿ ಜನ ಮಾಡುವ ಮೊದಲ ಕೆಲಸ ಶಾಂಪೂ ಹಾಕಿ ತೊಳೆಯುವುದು, ಅದೇ ಬೇಡವಾದದ್ದು. ಕೂದಲುದುರಿ, ಕೆರೆದು ಗಾಯವಾಗಿದ್ದರೆ ಅದು ಬಹುಶಃ ಕಜ್ಜಿಯ ನುಸಿ. ಉಲ್ಬಣಿಸಿದರೆ ಕೆರೆತದ ಸಂಕಟಕ್ಕೇ ಪ್ರಾಣಿ ಸೆಟೆದು ಬೀಳುತ್ತದೆ. ಇದಕ್ಕೆ ವೈದ್ಯರು ತೂಕ ನೋಡಿ ಕೊಡುವ ಐವರ್‌ಮೆಕ್ಟಿನ್ ಅಥವಾ ಸೆಲಮೆಕ್ಟಿನ್ನೇ ಮದ್ದು. ದುಂಡನೆಯ ಹೊಪ್ಪಳೆಗಳು ಹುಳುಕಡ್ಡಿಯಾಗಿರಬಹುದು, ಅದು ಮನುಷ್ಯರಿಗೂ ಅಂಟುವುದರಿಂದ ಕೈಗವಸು ಹಾಕಿಕೊಳ್ಳಿ. ಗಂಟುಗಟ್ಟಿದ ಕೂದಲನ್ನು ಎಳೆಯದೆ, ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲೆ ಕತ್ತರಿಯಾಡಿಸಬೇಕು. ಮಳೆಗಾಲದಲ್ಲಿ ಹಿಂಭಾಗದ ಒದ್ದೆಗೆ ನೊಣ ಕೂತು ಹುಳುವಾಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ತಂತಿಯ ನೆಲದ ಮೇಲೆ ನಿಂತು ಅಂಗಾಲು ಹುಣ್ಣಾಗಿರುವುದೂ ಸಾಮಾನ್ಯ; ಗಟ್ಟಿ ತಳದ ಮೇಲೆ ವೃತ್ತಪತ್ರಿಕೆ, ಅದರ ಮೇಲೆ ಹಳೆಯ ಟವೆಲ್ ಹಾಸಿ ದಿನವೂ ಬದಲಿಸಿದರೆ ಎಳೆಯ ಗಾಯ ತಾನಾಗಿ ಮಾಯುತ್ತದೆ. ಸಾಮಿಲ್‌ನ ಮರದ ಪುಡಿ ಉಸಿರಾಟಕ್ಕೆ ಕೆಟ್ಟದ್ದು.

ಗಂಡು ಹೆಣ್ಣು ಒಟ್ಟಿಗಿದ್ದಲ್ಲಿಂದ ತಂದ ಪ್ರತಿ ಹೆಣ್ಣನ್ನೂ ಬಸುರಿಯೆಂದೇ ಭಾವಿಸಿ ಅಂದೇ ಬೇರ್ಪಡಿಸಿ. ಹೆತ್ತ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಗರ್ಭ ಧರಿಸಬಲ್ಲದು. ಗರ್ಭಾವಧಿ 59ರಿಂದ 72 ದಿನ. ಏಳೆಂಟು ತಿಂಗಳು ಕಳೆದ ಮೇಲೆ ಮೊದಲ ಬಸಿರಾದರೆ ಸೊಂಟದ ಮೂಳೆಯ ಸಂದು ಬಿಗಿದಿದ್ದು ಹೆರಿಗೆ ಕಷ್ಟವಾಗುವುದರಿಂದ, ಅಂಥದಕ್ಕೆ ವೈದ್ಯರ ದೂರವಾಣಿ ಸಂಖ್ಯೆ ಕೈಯಲ್ಲೇ ಇರಲಿ. ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತೇ ಹುಟ್ಟುತ್ತವೆ. ಗಂಡುಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದ ದೂರವಿಡಬೇಕು.

ಭಯ ಕಳೆಯುವುದು ನಿಧಾನ. ಎರಡು ಬಾಗಿಲಿನ ಅಡಗುದಾಣವೊಂದನ್ನಿಟ್ಟು, ಮೇಲಿನಿಂದ ಕೈಹಾಕಿ ಹಿಡಿಯದೆ, ಪಕ್ಕದಿಂದ ಸೊಪ್ಪು ಚಾಚುತ್ತಾ ಕೂತರೆ, ಫ್ರಿಜ್ ಬಾಗಿಲಿನ ಸದ್ದಿಗೇ 'ವೀಕ್ ವೀಕ್' ಎಂದು ಕೂಗುವ ದಿನ ಬಂದೇ ಬರುತ್ತದೆ. ತೂಕ ಸ್ಥಿರವಾಗಿ, ಚರ್ಮ ಮಾಗಿದ ಮೇಲಷ್ಟೇ ಹೊಸ ಮನೆ ಹುಡುಕಿ. ಒಂಟಿಯಾಗಿ ಕೊಡಬೇಡಿ, ಎರಡಕ್ಕೆ ಕನಿಷ್ಠ 7.5 ಚದರ ಅಡಿಯ ಜಾಗವಿದೆಯೇ, ಹುಲ್ಲು ಎಲ್ಲಿಂದ ತರುತ್ತಾರೆ, ಮಗು ಬೇಸರಗೊಂಡ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಮುಲಾಜಿಲ್ಲದೆ ಕೇಳಿ. ತೂಕದ ಪುಸ್ತಕವನ್ನೂ ಒಂದು ವಾರದ ಹುಲ್ಲನ್ನೂ ಜೊತೆಗೆ ಕಳುಹಿಸಿ, ಸಾಕಲಾಗದಿದ್ದರೆ ನಿಮಗೇ ಹಿಂದಿರುಗಿಸುವುದಾಗಿ ಬರೆಸಿಕೊಳ್ಳಿ.